ಸತ್ತ ರೌಡಿ ಎಲ್ಲಿಗೆ ಹೋಗ್ತಾನೆ?

ಅಕ್ಕನ ಮಗ ದೀಪಾವಳಿಗೆ ಅಂತ ಬೆಂಗ್ಳೂರಿಂದ ಬಂದವ ಒಂದು ರಾತ್ರಿ ಊಟ ಆಗಿ ಜಗಲಿಯಲ್ಲಿ ಕೂತಿರುವಾಗ "ಮಾವ, ನೀವು ನೋಡಿದ್ರಲ್ಲಿ ಅತೀ ಹೆಚ್ಚು ಹೆದರಿಕೆ ಆದ ಪಿಚ್ಚರ್ ಯಾವುದು?" ಅಂತ ಕೇಳಿದ. ಅವ ಹಾರರ್ ಹುಚ್ಚ, ಕೊರಿಯಾದ್ದು ಇಂಡೋನೇಷ್ಯಾದ್ದು ಎಲ್ಲ ಮೊಬೈಲಲ್ಲಿ ಹುಡುಕಿ ನೋಡುವವ. ನಾನು ಆಲೋಚನೆ ಮಾಡದೆ "ಗರುಡ ಗಮನ ವೃಷಭ ವಾಹನ" ಅಂದೆ. "ಅದು ಗ್ಯಾಂಗ್‌ಸ್ಟರ್ ಪಿಚ್ಚರ್ ಅಲ್ವಾ, ನಾನು ಕೇಳಿದ್ದು ಭೂತ ಪ್ರೇತದ್ದು" ಅಂತ ನಗಾಡಿದ. ಸರಿ ಅಂತ ಮನಸ್ಸಲ್ಲೇ ಬೇರೆ ಪಟ್ಟಿ ಮಾಡ್ಲಿಕ್ಕೆ ಹೋದ್ರೆ, ಬಂದದ್ದು 'ಪರಿಂದಾ'ದ ನಾನಾ ಪಾಟೇಕರ್, ಆಮೇಲೆ 'ಸತ್ಯಾ'ದಲ್ಲಿ ಕೆಲವು ಸೀನು, ಆಮೇಲೆ ಮಮ್ಮುಟ್ಟಿಯ 'ಭ್ರಮಯುಗಂ'. ಇದ್ರಲ್ಲಿ ಹಾರರ್ ಅಂತ ಹೇಳ್ಬಹುದಾದ್ದು ಒಂದೇ, ಅದ್ರಲ್ಲೂ ನಾನು ಹೆದರಿದ್ದು ಭೂತಕ್ಕಾ ಧಣಿಗಾ ಅಂತ ಸರಿ ಗೊತ್ತಿಲ್ಲ. ಆವತ್ತಿಂದ ಈ ವಿಷಯ ತಲೆಯಲ್ಲಿ ಕೂತಿದೆ. ಇಷ್ಟು ವರ್ಷ ಇಷ್ಟು ದೆವ್ವದ ಸಿನಿಮಾ ನೋಡಿಯೂ ನನಗೆ ಹೆದರಿಕೆ ಹುಟ್ಟಿಸಿದ್ದು ಮುಕ್ಕಾಲು ಪಾಲು ರೌಡಿಗಳೇ ಯಾಕೆ?

ಗರುಡ ಗಮನ 2021ರಲ್ಲಿ ಬಂದದ್ದು, ನೋಡದವರು ಕಮ್ಮಿ, ಹಾಗಾಗಿ ಕಥೆ ಹೇಳ್ಲಿಕ್ಕೆ ಹೋಗುದಿಲ್ಲ. ಮಂಗಳಾದೇವಿ ಏರಿಯಾ, ಹರಿ ಮತ್ತು ಶಿವ, ಮಧ್ಯದಲ್ಲಿ ಬ್ರಹ್ಮಯ್ಯ ಅಂತ ಒಬ್ಬ ಎಸ್ಸೈ. ಆ ಸಿನಿಮಾದ ಗುಟ್ಟು ಇರುದು ಈ ಬ್ರಹ್ಮಯ್ಯನಲ್ಲಿ ಅಂತ ನನ್ನ ಲೆಕ್ಕ. ಬೇರೆ ಸಿನಿಮಾದಲ್ಲಿ ಪೊಲೀಸ್ ಅಂದ್ರೆ ಒಂದೋ ಸಿಂಹ ಇಲ್ಲದಿದ್ರೆ ಕಮೆಡಿ ಪೀಸು, ಇವ ಹೆದರಿದವ, ಹೆದರಿಕೆಯಲ್ಲಿ ಬೆವರಿ ಕೂತವ. ನಾವು ಶಿವನನ್ನು ನೋಡುದು ಈ ಹೆದರಿದವನ ಕಣ್ಣಲ್ಲಿ. ಶಿವ ಒಂದು ಕೊಲೆ ಮಾಡಿ ಬಂದು ಹುಲಿವೇಷದ ಹೆಜ್ಜೆ ಹಾಕುವ ಆ ಸೀನು ಬಂದಾಗ ಮಂಗಳೂರಿನ ಮಾಲಿನ ಥಿಯೇಟರಲ್ಲಿ ನನ್ನ ಸುತ್ತ ಇದ್ದ ಹುಡುಗರು ಶಿಳ್ಳೆ ಹೊಡೆದ್ರು, ನನಗೆ ಮಾತ್ರ ಬೆನ್ನ ಹಿಂದೆ ತಣ್ಣಗಾಯ್ತು. ಯಾಕಂದ್ರೆ ಆ ಹೆಜ್ಜೆ ನಾವು ಚಿಕ್ಕಂದಿನಿಂದ ನವರಾತ್ರಿಗೆ ನೋಡಿದ್ದು, ತಾಸೆಯ ಪೆಟ್ಟು ಕೇಳಿದ್ರೆ ಕಾಲು ತನ್ನಷ್ಟಕ್ಕೆ ಕುಣಿಯುವ ಜಾತಿ ನಮ್ಮದು. ನಾವು ಖುಷಿಗೆ ಕುಣಿಯುದನ್ನು ಅವ ಕೊಂದು ಬಂದು ಕುಣಿದ. ಅವನಿಗೆ ಎರಡೂ ಒಂದೇ. ಇದಕ್ಕಿಂತ ದೊಡ್ಡ ದೆವ್ವ ಯಾವುದಿರ್ತದೆ ಮಾರಾಯ್ರೆ?

ವಿಸಿಆರ್ ಮತ್ತು ಸೂಟೆ

ನಾನು ನೋಡಿದ ಮೊದಲ ದೆವ್ವದ ಸಿನಿಮಾ 'ಪುರಾನಾ ಮಂದಿರ್'. 1984ರ ಪಿಚ್ಚರ್, ನಮ್ಮ ಊರಿಗೆ ಕ್ಯಾಸೆಟ್ಟಲ್ಲಿ ಬರುವಾಗ ಎರಡು ಮೂರು ವರ್ಷ ಆಗಿರ್ಬೇಕು. ಕಾಸರಗೋಡಿನಲ್ಲಿ ಆಗ ಸಿನಿಮಾ ನೋಡುದು ಅಂದ್ರೆ ಪೇಟೆಯ ಥಿಯೇಟರಲ್ಲಿ ಮಲಯಾಳಂ, ಕನ್ನಡ ನೋಡ್ಬೇಕಾದ್ರೆ ಹೆಚ್ಚಾಗಿ ತಲಪಾಡಿ ದಾಟಿ ಮಂಗಳೂರಿಗೇ ಹೋಗ್ಬೇಕು, ಇನ್ನು ಹಿಂದಿ ಅಂದ್ರೆ ಗಲ್ಫಿನವರ ಮನೆ. ನಮ್ಮ ತೋಟದ ಆಚೆ ಕರೆಯಲ್ಲಿ ದುಬೈಯಿಂದ ಬಂದ ಇಚ್ಚನ ಮನೆಯಲ್ಲಿ ವಿಸಿಆರ್ ಇತ್ತು. ಊರಿನ ಮಕ್ಕಳೆಲ್ಲ ಚಾಪೆ ಹಾಕಿ ಕೂರುದು, ಹಿಂದೆ ಹೆಂಗಸರು, ಬಾಗಿಲ ಹತ್ರ ಗಂಡಸರು, ಎಲ್ಲರಿಗೂ ಅವಲು ಕಲಸಿ ಚಾ. ಯಾರಿಗೂ ಹಿಂದಿ ಸರಿ ಬರ್ತಿರ್ಲಿಲ್ಲ, ಇಚ್ಚ ಮಲಯಾಳಂನಲ್ಲಿ ಹೇಳುದು, ಇನ್ನೊಬ್ಬರು ಅದನ್ನು ತುಳುವಿಗೆ ತಿರುಗಿಸುದು, ಆ ತುಳು ನಮ್ಮ ಸಾಲಿಗೆ ಬರುವಾಗ ಪರದೆಯಲ್ಲಿ ಆ ಪಾತ್ರ ಸತ್ತು ಹೋಗಿ ಆಗಿರ್ತಿತ್ತು. ಸಾಮ್ರಿ ಅಂತ ಒಬ್ಬ ರಾಕ್ಷಸ, ರಾಜ ಅವನ ತಲೆ ಕಡಿಸಿ ತಲೆಯನ್ನು ಒಂದ್ಕಡೆ ಪೆಟ್ಟಿಗೆಯಲ್ಲಿ, ಮೈಯನ್ನು ಬೇರೆ ಕಡೆ ಇಟ್ಟಿರ್ತಾನೆ, ತಲೆ ಮೈ ಸೇರಿದ್ರೆ ಅವ ಏಳ್ತಾನೆ. ಕಡೆಗೆ ಏಳ್ತಾನೆ, ಊರವರು ದೀವಟಿಗೆ ಹಿಡ್ಕೊಂಡು ಬಂದು ಸುಡ್ತಾರೆ. ಪಿಚ್ಚರ್ ಬಿಟ್ಟ ಮೇಲೆ ನಾವೂ ಒಣ ಮಡಲಿನ ಸೂಟೆ ಹಿಡ್ಕೊಂಡು ಅಡಿಕೆ ತೋಟದ ನಡುವೆ ಸಾಲಾಗಿ ಮನೆಗೆ ಬಂದದ್ದು, ಪ್ರತಿ ಅಡಿಕೆ ಮರದ ಹಿಂದೆ ಒಂದೊಂದು ಸಾಮ್ರಿ.

ಆದ್ರೆ ಮಜಾ ಎಂತ ಅಂದ್ರೆ, ಅದೇ ದಾರಿಯಲ್ಲಿ ನಾವು ನಂಬುವ ದೈವ ಗುಳಿಗನ ಕಲ್ಲು ಇತ್ತು. ಹಾಳೆ ಮರದ ಬುಡದಲ್ಲಿ, ಸಂಜೆ ದೀಪ ಇಡುವ ಜಾಗ. ಅಲ್ಲಿಗೆ ಬಂದ ಕೂಡ್ಲೆ ನಮ್ಮ ಹೆದರಿಕೆ ಕಮ್ಮಿ ಆಯ್ತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡ್ಕೊಂಡು ದಾಟಿ ಮತ್ತೆ ಹಾಕಿದ್ದು, ಅಲ್ಲಿಂದ ಆಚೆ ನಮ್ಮ ಜಾಗ, ನಮ್ಮ ಗುಳಿಗ ಇದ್ದಾನೆ ಅಂತ ಧೈರ್ಯ. ಮರುದಿನ ಬೆಳಿಗ್ಗೆ ಅಜ್ಜಿಗೆ ಕಥೆ ಹೇಳಿದೆವು. ಅವರು ಕೆಸುವಿನ ಎಲೆಯ ನಾರು ತೆಗೀತಾ ಪೂರ್ತಿ ಕೇಳಿ, "ಪಾಪ, ತಲೆ ಒಂದ್ಕಡೆ ಮೈ ಒಂದ್ಕಡೆ ಇಟ್ರೆ ಅವ ಎಲ್ಲಿಗೆ ಹೋಗ್ಬೇಕು? ಒಂದು ಕಲ್ಲು ಹಾಕಿ ವರ್ಷಕ್ಕೊಮ್ಮೆ ಅಗೆಲಿನ ಊಟ ಬಡಿಸಿದ್ರೆ ಆಗ್ತಿರ್ಲಿಲ್ವಾ ಆ ರಾಜನಿಗೆ?" ಅಂತ ಕೇಳಿದ್ರು. ಆ ಪಿಚ್ಚರ್ ಮಾಡಿದ ರಾಮ್ಸೆ ಬ್ರದರ್ಸ್‌ನ ಇಡೀ ಕಥೆ ಅಲ್ಲಿಗೆ ಮುಗೀತು. ಅಜ್ಜಿ ಆ ಅರಮನೆಯಲ್ಲಿ ಇದ್ದಿದ್ರೆ ಪಿಚ್ಚರೇ ಇಲ್ಲ.

ಹಾಳೆ ಮರದ ಹೆಸ್ರು ಬಂತಲ್ಲ, ಒಂದು ಮಾತು. ಮಲಯಾಳಂ ಸಿನಿಮಾದಲ್ಲಿ ಇದೇ ಮರದಲ್ಲಿ ಯಕ್ಷಿ ಇರುದು, ಬಿಳಿ ಸೀರೆ ಉಟ್ಕೊಂಡು, ಕೂದಲು ಬಿಟ್ಕೊಂಡು, ಸುಣ್ಣ ಉಂಟಾ ಅಂತ ಕೇಳ್ಕೊಂಡು. ನಾವೋ ಆಟಿ ಅಮಾವಾಸ್ಯೆ ದಿನ ಸೂರ್ಯ ಹುಟ್ಟುವ ಮೊದಲೇ ಅದೇ ಮರದ ಹತ್ರ ಹೋಗಿ ಕಲ್ಲಲ್ಲಿ ಗುದ್ದಿ ತೊಗಟೆ ತೆಗೆದು ತಂದು ಕಷಾಯ ಮಾಡಿ ಕುಡಿಯುವವರು. ಆ ಕಹಿ ಕುಡಿದವನಿಗೆ ಯಕ್ಷಿಯ ಹೆದರಿಕೆ ಹೇಗೆ ಹುಟ್ಟುದು?

ಓಡಿಸುದು ಮತ್ತು ಕೂರಿಸುದು

ನಮ್ಮ ಹಾರರ್ ಸಿನಿಮಾಗಳು ನನಗೆ ಹಿಡಿಸದೆ ಇರ್ಲಿಕ್ಕೆ ಕಾರಣ ಗ್ರಾಫಿಕ್ಸ್ ಅಲ್ಲ, ಆ ಧಡ್ ಅಂತ ಬರುವ ಸೌಂಡೂ ಅಲ್ಲ (ಸೌಂಡಿಗೆ ನಾನೂ ಹಾರ್ತೇನೆ, ಆದ್ರೆ ಕುಕ್ಕರ್ ಸೀಟಿಗೂ ಹಾರ್ತೇನೆ, ಅದು ಹೆದರಿಕೆ ಅಲ್ಲ). ಕಾರಣ, ಅವೆಲ್ಲ ಒಂದೇ ಕೆಲ್ಸ ಮಾಡುದು: ದೆವ್ವ ಬರ್ತದೆ, ಒಬ್ಬ ಮಂತ್ರವಾದಿ ಬರ್ತಾನೆ, ಫ್ಲ್ಯಾಶ್‌ಬ್ಯಾಕಿನಲ್ಲಿ ಪಾಪದ ಹೆಣ್ಣು ಸತ್ತ ಕಥೆ ಹೇಳ್ತಾರೆ, ಆಮೇಲೆ ಅವಳನ್ನೇ ಓಡಿಸ್ತಾರೆ. ಅನ್ಯಾಯ ಆದದ್ದೂ ಅವಳಿಗೆ, ಜಾಗ ಬಿಡ್ಬೇಕಾದ್ದೂ ಅವಳೇ. ನಮ್ಮ ಕಡೆ ಹಾಗಿಲ್ಲ. ಮನೆಯಲ್ಲಿ ಏನೋ ಸರಿ ಇಲ್ಲ ಅಂತ ಕಂಡ್ರೆ ಜೋಯಿಸರ ಹತ್ರ ಪ್ರಶ್ನೆ ಇಡ್ತಾರೆ, ಯಾರು ಅಂತ ಗೊತ್ತಾದ ಮೇಲೆ ಅವರಿಗೆ ಎಂತ ಬೇಕು ಅಂತ ಕೇಳ್ತಾರೆ. ಮದುವೆ ಆಗದೆ ತೀರಿಕೊಂಡವರಿಗೆ ಪ್ರೇತ ಮದುವೆ ಮಾಡುದು ತುಳುನಾಡಿನ ಕೆಲವು ಸಮುದಾಯದಲ್ಲಿ ಈಗ್ಲೂ ಉಂಟು. 2024ರಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ ಮೂವತ್ತು ವರ್ಷ ಹಿಂದೆ ತೀರಿಹೋದ ಮಗಳಿಗೆ ಗಂಡು ಬೇಕು ಅಂತ ಪೇಪರಿಗೆ ಜಾಹೀರಾತು ಕೊಟ್ಟದ್ದು ದೇಶ ಇಡೀ ಸುದ್ದಿ ಆಗಿತ್ತು. ಹೊರಗಿನವರು ನಗಾಡಿದ್ರು. ನಮಗೆ ಅದ್ರಲ್ಲಿ ಕಂಡದ್ದು ಮಗಳಿಗೆ ಈಗ ಎಷ್ಟು ವರ್ಷ ಆಗಿರ್ತಿತ್ತು ಅಂತ ಲೆಕ್ಕ ಹಾಕ್ತಾ ಕೂತ ತಾಯಿ ತಂದೆ.

ಈಗ ಗ್ಯಾಂಗ್‌ಸ್ಟರಿನ ವಿಷಯ. ಭಕ್ತಿಯಿಂದಲೇ ಹೇಳ್ತಾ ಇದ್ದೇನೆ, ತಪ್ಪು ತಿಳ್ಕೊಳ್ಬೇಡಿ. ತುಳುನಾಡಿನ ಅವಳಿ ವೀರರು ಕೋಟಿ ಚೆನ್ನಯರು ಪಡುಮಲೆಯಲ್ಲಿ ಅಲ್ಲಿನ ಅರಸ ಬಲ್ಲಾಳನ ಮಂತ್ರಿ ಬುದ್ಯಂತನನ್ನು ಕೊಂದು ಊರು ಬಿಟ್ಟವರು. ಬಲ್ಲಾಳನ ದಫ್ತರದಲ್ಲಿ ಅವರು ತಲೆ ಮರೆಸಿಕೊಂಡ ಆರೋಪಿಗಳೇ. ಕಡೆಗೆ ಎಣ್ಮೂರಿನಲ್ಲಿ ಯುದ್ಧದಲ್ಲಿ ಬಿದ್ರು, ಇವತ್ತು ಊರೂರಿಗೆ ಅವರನ್ನು ಪೂಜಿಸುವ ಗರಡಿ ಉಂಟು. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದ್ರೆ ಕದಿವನೂರ್ ವೀರನ್ ತೆಯ್ಯಂ, ನಮ್ಮ ಭೂತಕೋಲದ ಹಾಗಿನದ್ದು. ಮಂದಪ್ಪ ಅಂತ ಹುಡುಗ, ಅಪ್ಪನ ಹತ್ರ ಜಗಳ ಮಾಡಿ ಮನೆ ಬಿಟ್ಟು ಕೊಡಗಿನ ಕಡೆ ಹೋಗಿ ಮದುವೆ ಆಗಿ, ಅಲ್ಲಿ ಕಾಳಗದಲ್ಲಿ ಗೆದ್ದು ವಾಪಸು ಬರುವಾಗ ತುಂಡಾಗಿ ಬಿದ್ದ ಉಂಗುರದ ಬೆರಳು ನೆನಪಾಗಿ ಅದನ್ನು ತೆಗೀಲಿಕ್ಕೆ ತಿರುಗಿ ಹೋಗಿ ಸತ್ತವ. ಯಾವ ಸ್ಕ್ರಿಪ್ಟ್ ರೈಟರ್ ಬರೀತಾನೆ ಈ ಸೀನನ್ನು! ಆ ತೆಯ್ಯಂ ಕಟ್ಟಿದವರು ಕತ್ತಿ ಗುರಾಣಿ ಹಿಡಿದು ದೀಪದ ಸುತ್ತ ಆಡುವಾಗ ಊರು ಇಡೀ ಉಸಿರು ಹಿಡಿದು ನಿಲ್ತದೆ, ಆಮೇಲೆ ಅದೇ ತೆಯ್ಯಂ ಬಂದು ಅಜ್ಜಿಯಂದಿರ ಕೈ ಹಿಡಿದು ಮೊಮ್ಮಗನಿಗೆ ಕೆಲ್ಸ ಆಯ್ತಾ ಅಂತ ವಿಚಾರಿಸ್ತದೆ.

ಅಂದ್ರೆ ಜಗಳದಲ್ಲಿ ಬಿದ್ದವ, ಸತ್ತು ತಿರುಗುವವ, ಆಮೇಲೆ ಕಲ್ಲು ಹಾಕಿ ಕೂರಿಸಿದವ, ಈ ಮೂರೂ ನಮ್ಮಲ್ಲಿ ಒಬ್ಬನೇ ಆಳು. ಸಿನಿಮಾದವರು ಅವನನ್ನು ಸಾಮ್ರಿಯ ಹಾಗೆ ತುಂಡು ಮಾಡಿದ್ದಾರೆ. ಗ್ಯಾಂಗ್‌ಸ್ಟರ್ ಪಿಚ್ಚರ್ ಅವನು ಸಾಯುವಲ್ಲಿಗೆ ನಿಲ್ಲಿಸ್ತದೆ, ಹಾರರ್ ಪಿಚ್ಚರ್ ಯಾರೋ ಸತ್ತಲ್ಲಿಂದ ಶುರು ಮಾಡ್ತದೆ. ಮೂರನೆಯ ಕೆಲ್ಸ, ಊರವರು ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬರುದು, ಯಾರೂ ಮಾಡುದಿಲ್ಲ. ಮಲಯಾಳಂ ಸಾಹಿತಿ ಬಶೀರರ ಕಥೆಯ 'ಭಾರ್ಗವಿ ನಿಲಯಂ' 1964ರಲ್ಲೇ ಹತ್ತಿರ ಹೋಗಿತ್ತು, ಅಲ್ಲಿ ಬಾಡಿಗೆಗೆ ಬಂದ ಸಾಹಿತಿ ದೆವ್ವದ ಹತ್ರ ಪಟ್ಟಾಂಗ ಹೊಡೆದು ಅವಳ ಕಥೆ ಬರೀಲಿಕ್ಕೆ ಕೂರ್ತಾನೆ. 'ಮಣಿಚ್ಚಿತ್ರತ್ತಾಳ್' ಬೇರೆಯೇ ಲೆಕ್ಕ, ಅದ್ರಲ್ಲಿ ದೆವ್ವವೇ ಇಲ್ಲ. ಆದ್ರೂ ನಾಗವಲ್ಲಿಗೆ ಬೇಕಾದ್ದನ್ನು ಕೊಟ್ಟ ಹಾಗೆ ಮಾಡಿ ಸಮಾಧಾನ ಮಾಡ್ತಾರೆ, ಅದಕ್ಕೇ ಅದು ಮೂವತ್ತು ವರ್ಷ ಆದ್ರೂ ಹಳತಾಗ್ಲಿಲ್ಲ. ಅದನ್ನೇ ಕನ್ನಡಕ್ಕೆ ತಂದ 'ಆಪ್ತಮಿತ್ರ'ದಲ್ಲಿ ಸೌಂದರ್ಯ ಚಂದ ಮಾಡಿದ್ದಾರೆ, ಒಪ್ತೇನೆ, ಆ ದೊಡ್ಡ ಹಾವು ಯಾಕೆ ಬಂತು ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ.

ಹೆದರದ ಹೀರೋ

ಗ್ಯಾಂಗ್‌ಸ್ಟರ್ ಸಿನಿಮಾ ಹಳೇದು ಯಾಕೆ ನಾಟ್ತದೆ ಅಂದ್ರೆ ಅದ್ರಲ್ಲಿ ಡಾನ್‌ಗೂ ಹೆದರಿಕೆ ಇತ್ತು. ಪರಿಂದಾದ ಅಣ್ಣಾ ಇಡೀ ಬೊಂಬಾಯಿಯನ್ನು ನಡುಗಿಸ್ತಾನೆ, ಒಂದು ಬೆಂಕಿ ಕಡ್ಡಿ ಗೀರಿದ್ರೆ ಅವನ ಕೈಕಾಲು ನಡುಗ್ತದೆ. 'ನಾಯಗನ್' (1987) ವೇಲು ನಾಯ್ಕರನ್ನು ಕೋರ್ಟು, ಪೊಲೀಸು ಯಾರೂ ಏನೂ ಮಾಡ್ಲಿಕ್ಕಾಗುದಿಲ್ಲ, ಅವರು ಎಷ್ಟೋ ವರ್ಷ ಹಿಂದೆ ಕೊಂದ ಪೊಲೀಸಿನವನ ಮಗ, ಅದೂ ಅವರೇ ಸಾಕಿದ ಬುದ್ಧಿ ಬೆಳೆಯದ ಹುಡುಗ, ಹೊರಗೆ ನಿಂತಿರ್ತಾನೆ. ಸತ್ತವ ಮಗನ ಕೈಯಲ್ಲಿ ಬಂದು ಲೆಕ್ಕ ಚುಕ್ತಾ ಮಾಡಿದ ಹಾಗೆ. 'ಸತ್ಯಾ' (1998) ನೋಡುವಾಗ ಭೀಖು ಮ್ಹಾತ್ರೆ ಸಮುದ್ರದ ಎದುರು ನಿಂತು ಬೊಬ್ಬೆ ಹಾಕುದು ಎಲ್ಲರಿಗೂ ನೆನಪುಂಟು, ನನಗೆ ನೆನಪಿರುದು ಅವ ಸಾಯುವ ರೀತಿ, ಗೆದ್ದ ಖುಷಿಯ ಪಾರ್ಟಿಯಲ್ಲಿ, ಒಂದೇ ಗುಂಡು, ಮ್ಯೂಸಿಕ್ ಇಲ್ಲ, ಡೈಲಾಗ್ ಇಲ್ಲ. ಅದೇ ರಾಮ್‌ಗೋಪಾಲ್ ವರ್ಮ ಐದು ವರ್ಷ ಆದ ಮೇಲೆ 'ಭೂತ್' ಮಾಡಿದ್ದು, ಅದೇ ಬೊಂಬಾಯಿಯ ಫ್ಲ್ಯಾಟಿನಲ್ಲಿ, ಹಾಡೇ ಇಲ್ಲದೆ. ಎರಡನ್ನೂ ಹತ್ರ ಹತ್ರ ಇಟ್ಟು ನೋಡಿ, ಅವನಿಗೆ ಎರಡೂ ಒಂದೇ ಕೆಲ್ಸ ಅಂತ ಗೊತ್ತಾಗ್ತದೆ. (ಆಮೇಲೆ ಅವ ಮಾಡಿದ್ದು ಯಾವುದೂ ಬೇಡ.)

ಕನ್ನಡದಲ್ಲಿ 'ಓಂ' ಬಂದಾಗ ನಿಜವಾದ ರೌಡಿಗಳೇ ಪಾರ್ಟ್ ಮಾಡಿದ್ದಾರೆ ಅಂತ ಸುದ್ದಿ ಕೇಳಿಯೇ ಹೆದರಿ ನೋಡಿದ್ದು ನಾವು. 'ಆ ದಿನಗಳು' 2007ರದ್ದು, ಕೊತ್ವಾಲ ರಾಮಚಂದ್ರನ ಕಥೆ, ಅದ್ರಲ್ಲಿ ಹೊಡೆದಾಟಕ್ಕಿಂತ ಕಾಯುದೇ ಜಾಸ್ತಿ, ಆ ಕಾಯುವಿಕೆಯಲ್ಲೇ ಬೆವರು ಇಳೀತದೆ. ಈಗಿನ ದೊಡ್ಡ ಬಜೆಟ್ಟಿನ ಪಿಚ್ಚರ್‌ಗಳಲ್ಲಿ ಹೀರೋಗೆ ಯಾವ ಹೆದರಿಕೆಯೂ ಇಲ್ಲ, ನಲವತ್ತು ಜನ ಬಂದ್ರೂ ಸೊಂಟಕ್ಕೆ ಕೈ ಇಟ್ಟು ನಿಲ್ತಾನೆ. ಕೆಜಿಎಫ್ ನೋಡಿ ನಾನೂ ಶಿಳ್ಳೆ ಹೊಡೆದವನೇ, ಆದ್ರೆ ಹೊರಗೆ ಬರುವಾಗ ಕಿವಿ ಗುಂಯ್ ಅನ್ನುದು ಬಿಟ್ರೆ ಬೇರೆ ಎಂತದ್ದೂ ಉಳಿಯುದಿಲ್ಲ. ಇನ್ನೊಂದು, ಆ ಲಾಂಗ್ ಬೀಸುದು. ನಮ್ಮ ಕಡೆ ಹಟ್ಟಿಗೆ ಸೊಪ್ಪು ತರ್ಲಿಕ್ಕೆ ಗುಡ್ಡೆಗೆ ಹೋದವರಿಗೆಲ್ಲ ಗೊತ್ತುಂಟು, ಕತ್ತಿಯಲ್ಲಿ ಅರ್ಧ ಗಂಟೆ ಸೊಪ್ಪು ಕಡಿದ್ರೆ ಮೊಣಕೈಯಿಂದ ಹೆಗಲವರೆಗೆ ಎಂತ ಆಗ್ತದೆ ಅಂತ. ಹಸಿ ಗೆಲ್ಲಿಗೆ ಬಿದ್ದ ಕತ್ತಿ ಒಮ್ಮೆಗೇ ಬಿಡಿಸಿಕೊಳ್ಳುದಿಲ್ಲ, ಕಚ್ಚಿ ನಿಲ್ತದೆ, ಅಲುಗಾಡಿಸಿ ಎಳೀಬೇಕು. ಸಿನಿಮಾದ ಕತ್ತಿ ಎಲ್ಲಿಯೂ ಸಿಕ್ಕಿ ಹಾಕಿಕೊಳ್ಳುದಿಲ್ಲ. ಒಮ್ಮೆ ಸಿಕ್ಕಿ ಹಾಕಿಕೊಂಡದ್ದು ತೋರಿಸಿದ್ರೆ ಥಿಯೇಟರಿನ ಅರ್ಧ ಜನ ಕಣ್ಣು ಮುಚ್ತಾರೆ, ಯಾವ ದೆವ್ವವೂ ಬೇಡ.

ಖಾದರ್ ಭಾಯಿಯ ಊರಿನವರು

ನಾವು ಕಾಸರಗೋಡಿನವರು ಗ್ಯಾಂಗ್‌ಸ್ಟರ್ ಸಿನಿಮಾದ ಬಗ್ಗೆ ಮಾತಾಡುವಾಗ ಒಂದು ಸಣ್ಣ ಉರಿಯೂ ಇರ್ತದೆ. 1992ರಲ್ಲಿ 'ಕಾಸರಗೋಡ್ ಖಾದರ್ ಭಾಯ್' ಅಂತ ನಮ್ಮ ಊರಿನ ಹೆಸರಿನ ಡಾನ್ ಇರುವ ಮಲಯಾಳಂ ಕಾಮೆಡಿ ಬಂತು, ಆವತ್ತಿಂದ ತೆಂಕಲಾಗಿ ಎಲ್ಲಿಗೆ ಹೋಗಿ ಊರು ಯಾವುದು ಅಂತ ಹೇಳಿದ್ರೂ ಎದುರಿನವರ ಮುಖದಲ್ಲಿ ಒಂದು ನಗು. 2023ರಲ್ಲಿ 'ಕಾಸರ್‌ಗೋಲ್ಡ್' ಬಂತು, ಹೆಸರೇ ಹೇಳ್ತದೆ, ಚಿನ್ನದ ಕಳ್ಳಸಾಗಣೆ. ನಾನು ನೋಡಿದ ಖಾದರ್ ಒಬ್ರೇ, ಜೀನಸಿನ ಅಂಗಡಿ, ಸಾಲ ಪುಸ್ತಕ ಬರೆಯುದು ಕನ್ನಡದಲ್ಲಿ. ಇರ್ಲಿ. ಆದ್ರೆ ಗಡಿಯಲ್ಲಿ ಇರುದ್ರಲ್ಲಿ ಒಂದು ಲಾಭವೂ ಉಂಟು. 'ಆವೇಶಂ' (2024) ಕಾಸರಗೋಡಿನ ಥಿಯೇಟರಲ್ಲಿ ನೋಡಿದ್ದು ನನ್ನ ಮಟ್ಟಿಗೆ ಹಬ್ಬ. ಬೆಂಗಳೂರಿಗೆ ಇಂಜಿನಿಯರಿಂಗ್ ಕಲೀಲಿಕ್ಕೆ ಹೋದ ಮಲಯಾಳಿ ಹುಡುಗರು, ಅವರಿಗೆ ಬೆನ್ನಿಗೆ ನಿಲ್ಲುವ ರಂಗ ಅನ್ನುವ ರೌಡಿ. ರಂಗ ಮಲಯಾಳಂನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹಾರುವಾಗ ನಮ್ಮ ಥಿಯೇಟರಲ್ಲಿ ನಗು ಎರಡು ಅಲೆಯಾಗಿ ಬರ್ತಿತ್ತು, ಕನ್ನಡ ಬೈಗುಳಕ್ಕೆ ಮಂಜೇಶ್ವರ ಕುಂಬಳೆ ಕಡೆಯವರು ಮೊದಲು ನಗುದು, ಅವರು ನಗುದು ನೋಡಿ ಉಳಿದವರು ನಗುದು. ಎರಡು ನಿಮಿಷ ಆದ ಮೇಲೆ ಉಲ್ಟಾ. ಅದೇ ಡೈರೆಕ್ಟರ್ ಜಿತು ಮಾಧವನ್ ಅದಕ್ಕೆ ಮೊದಲು ಮಾಡಿದ್ದು 'ರೋಮಾಂಚಂ', ಅದೂ ಬೆಂಗಳೂರಿನ ಬಾಡಿಗೆ ಮನೆ, ಅದೂ ಮಲಯಾಳಿ ಹುಡುಗರು, ರೌಡಿಯ ಬದಲಿಗೆ ಕೇರಂ ಬೋರ್ಡಿನಲ್ಲಿ ಕರೆದ ಅನಾಮಿಕ ಅನ್ನುವ ಆತ್ಮ. ಎರಡೂ ಪಿಚ್ಚರಲ್ಲಿ ಹುಡುಗರು ಮಾಡುದು ಒಂದೇ, ತಮಾಷೆಗೆ ಒಬ್ಬರನ್ನು ಕರೀತಾರೆ, ಆಮೇಲೆ ಅವರು ಹೋಗುದಿಲ್ಲ! ರಂಗ ಕಡೆಯಲ್ಲಿ ನಿಜವಾಗಿ ಸಿಟ್ಟಾದಾಗ ಅಷ್ಟೊತ್ತು ನಗಾಡಿದ ಥಿಯೇಟರ್ ಒಮ್ಮೆಗೇ ಚಪ್ಪೆ ಆಯ್ತು.

ಭ್ರಮಯುಗಂ ಇದರ ಇನ್ನೊಂದು ತುದಿ. ಕಪ್ಪು ಬಿಳುಪಿನ ಪಿಚ್ಚರ್, ಪಾಳು ಬಿದ್ದ ಮನೆ, ದಾರಿ ತಪ್ಪಿ ಬಂದ ಹಾಡುಗಾರ, ಅವನನ್ನು ಕೂರಿಸಿ ಊಟ ಹಾಕುವ ಕೊಡುಮೋನ್ ಪೋಟ್ಟಿ. ಊಟ ಹಾಕಿದ ಮೇಲೆ ಬಿಡುದಿಲ್ಲ. ಪಗಡೆ ಆಡುವಾ ಅಂತಾನೆ, ಪಣಕ್ಕೆ ಇಡ್ಲಿಕ್ಕೆ ನನ್ನ ಹತ್ರ ಎಂತದ್ದೂ ಇಲ್ಲ ಅಂದ್ರೆ ನಿನ್ನ ಕಾಲವನ್ನೇ ಇಡು ಅಂತಾನೆ. ಚಾತನ್ ಅನ್ನುವ ಭೂತ ಬರುವ ಮೊದಲೇ ನನಗೆ ಕೈ ತಣ್ಣಗಾಗಿತ್ತು. ಮಮ್ಮುಟ್ಟಿ ಅಲ್ಲಿ ಕೂತ ಗತ್ತು, ಆ ಕೋಳಿ ಹರಿದು ತಿನ್ನುವ ರೀತಿ, ಎದುರಿನವ ಬಗ್ಗಿ ನಿಂತದ್ದು, ನಮ್ಮ ಅಜ್ಜಂದಿರ ಕಾಲದ ಒಕ್ಕಲಿನವರಿಗೆ ಇದನ್ನು ತೋರಿಸಿದ್ರೆ ಹಾರರ್ ಅಂತ ಹೇಳ್ತಿರ್ಲಿಲ್ಲ, ಧಣಿಗಳ ಮನೆಯಂಗಳ ಅಂತ ಹೇಳ್ತಿದ್ರು. ಏರಿಯಾ ನನ್ನದು, ಒಳಗೆ ಬಂದವ ನನ್ನವ, ಹೊರಗೆ ಹೋಗುದು ನಾನು ಹೇಳಿದಾಗ. ಡಾನ್ ಹೇಳುದೂ ಇದನ್ನೇ ಅಲ್ವಾ? 2024ರ ಅತ್ಯುತ್ತಮ ಗ್ಯಾಂಗ್‌ಸ್ಟರ್ ಸಿನಿಮಾ ಯಾವುದು ಅಂದ್ರೆ ನಾನು ಇದನ್ನೇ ಹೇಳ್ತೇನೆ, ಪಂಚೆ ಉಟ್ಟ ಡಾನ್.

ಊರವರು ಕೂತು ಮಾತಾಡುದು ಯಾರೂ ತೋರಿಸುದಿಲ್ಲ ಅಂತ ಮೇಲೆ ಹೇಳಿದೆ, 2025ರ 'ಸು ಫ್ರಮ್ ಸೋ' ಅದನ್ನು ಮಾಡಿದೆ, ಅದೂ ನಗಿಸ್ತಾ. ಮಾಡಿದವರು ನಮ್ಮ ಮಂಜೇಶ್ವರ ಬದಿಯ ತೂಮಿನಾಡಿನ ಜೆ.ಪಿ. ಅನ್ನುದು ನಮಗೆ ಹೆಚ್ಚುವರಿ ಖುಷಿ. ಸಿಕ್ಕಿ ಬಿದ್ದ ಅಶೋಕ ಮರ್ಯಾದೆ ಉಳಿಸಿಕೊಳ್ಳಿಕ್ಕೆ ಮೈಮೇಲೆ ಬಂದ ಹಾಗೆ ನಾಟಕ ಮಾಡುದು, ಊರು ಇಡೀ ನಂಬುದು, ಎಲ್ಲದಕ್ಕೂ ಮುಂದೆ ನಿಲ್ಲುವ ರವಿಯಣ್ಣ. ರವಿಯಣ್ಣನಂಥವರು ನಮ್ಮ ಪ್ರತಿ ಬೈಲಿನಲ್ಲಿ ಒಬ್ಬರು ಇದ್ದೇ ಇರ್ತಾರೆ, ಸಾವಾದ್ರೂ ಮದುವೆ ಆದ್ರೂ ಪೆಂಡಾಲಿನ ಕಂಬ ಅವರೇ ನಿಲ್ಲಿಸ್ಬೇಕು. ಅಲ್ಲಿ ಸೋಮೇಶ್ವರದ ಸುಲೋಚನಾ ಯಾರನ್ನೂ ಹೆದರಿಸ್ಲಿಕ್ಕೆ ಬಂದವಳಲ್ಲ, ಬಂದದ್ದೂ ಅಲ್ಲ ಅನ್ನಿ, ಆದ್ರೆ ಅವಳ ಹೆಸರು ಹಿಡ್ಕೊಂಡು ಹೋದವರಿಗೆ ಕಂಡದ್ದು ಬದುಕಿರುವವರ ಕಷ್ಟ. ಸೆಕೆಂಡ್ ಹಾಫ್ ಸ್ವಲ್ಪ ಎಳೀತಾರೆ, ಗುರೂಜಿ ಬಂದ ಮೇಲೆ ಕೆಲವು ಜೋಕು ನೀರು ಬೆರೆಸಿದ ಮಜ್ಜಿಗೆ, ಆದ್ರೂ ಕಡೆಗೆ ಓಡಿಸಿದ್ದು ದೆವ್ವವನ್ನಲ್ಲ, ಓಡಿಸಬೇಕಾದವನನ್ನು.

ಈಗ ಎರಡೂ ಜಾತಿಯ ಸಿನಿಮಾಕ್ಕೆ ಬಂದ ಹೊಸ ರೋಗ ಪಾರ್ಟ್ ಟೂ. ರೌಡಿಯೂ ಸಾಯುದಿಲ್ಲ, ದೆವ್ವವೂ ಹೋಗುದಿಲ್ಲ, ಹೆಸರು ಓಡುವಾಗ ಕಣ್ಣು ಬಿಡುದು ತೋರಿಸಿ ಮುಂದಿನ ವರ್ಷ ಬನ್ನಿ ಅಂತಾರೆ. ಭೀಖು ಮ್ಹಾತ್ರೆ ಇವತ್ತಿನವನಾಗಿದ್ರೆ ಆಸ್ಪತ್ರೆಯ ಮಂಚದಲ್ಲಿ ಬೆರಳು ಅಲ್ಲಾಡಿಸ್ತಿದ್ದ. ನಾನು ಈಗ ಹೆಸರು ಬರ್ಲಿಕ್ಕೆ ಶುರುವಾದ ಕೂಡ್ಲೆ ಎದ್ದು ಪಾರ್ಕಿಂಗಿಗೆ ನಡೀತೇನೆ, ಹೈವೇಯಲ್ಲಿ ಲಾರಿಗಳ ನಡುವೆ ಬೈಕ್ ಬಿಡ್ಲಿಕ್ಕುಂಟು, ಮನೆ ಮುಟ್ಟುವಾಗ ಮಧ್ಯರಾತ್ರಿ. ಮರುದಿನ ಯಾರಾದ್ರೂ "ಕಡೆಗೆ ಅವ ಎದ್ದದ್ದು ನೋಡಿದ್ರಾ?" ಅಂತ ಕೇಳಿದ್ರೆ ಇಲ್ಲ ಮಾರಾಯ, ನನ್ನ ಲೆಕ್ಕದಲ್ಲಿ ಅವ ಸತ್ತಿದ್ದಾನೆ, ಬೊಜ್ಜದ (ಉತ್ತರಕ್ರಿಯೆಯ) ಊಟವೂ ಆಗಿದೆ ಅಂತ ಹೇಳ್ತೇನೆ.